ಪ್ರಯೋಗಾಲಯದ ನಿಯಮಗಳು ಹುಟ್ಟಿದ ಬಗೆ



ರಾಸಾಯನಿಕಗಳ ರುಚಿ ನೋಡಬಾರದು, ಆಮ್ಲಕ್ಕೆ ನೀರು ಸುರಿಯಬಾರದು, ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಬೇಕು. ಶಾಲೆಯ ವಿಜ್ಞಾನ ಪ್ರಯೋಗಾಲಯದ ಇಂಥ ಸೂಚನೆಗಳನ್ನು ಬಾಯಿಪಾಠ ಮಾಡಿ ಅಂಕ ಪಡೆಯುವವರು ಬಹಳ ಮಂದಿ. ಅವು ಎಲ್ಲಿಂದ ಬಂದವು ಎಂದು ಕೇಳುವವರು ಕಡಿಮೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವ ಚಿಕ್ಕಜಾಜೂರು ಜಂಕ್ಷನ್ನಿನ ಸುತ್ತ ಬೆಳೆದ ನಿಮಗೆ ಸಿಗ್ನಲ್ಲಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ರೈಲ್ವೆಯ ಎಷ್ಟೋ ನಿಯಮಗಳು ಅಪಘಾತಗಳು ಕಲಿಸಿದ ಪಾಠಗಳು. ಪ್ರಯೋಗಾಲಯದ ನಿಯಮಗಳೂ ಹಾಗೆಯೇ.

ರಸಾಯನಶಾಸ್ತ್ರ ಹಳೆಯ ವಿದ್ಯೆ. ನಾವು ಇಂದು ಬಳಸುವ ಆಲ್ಕಲಿ, ಆಲ್ಕೋಹಾಲ್ ಎಂಬ ಪದಗಳು ಅರಬ್ಬಿ ಮೂಲದವು. ಸುಮಾರು 1,100 ವರ್ಷಗಳ ಹಿಂದೆ ಬಾಳಿದ ಪರ್ಷಿಯಾದ ವೈದ್ಯ ಅಲ್-ರಾಝಿಯವರು ಪದಾರ್ಥಗಳನ್ನು ಖನಿಜ, ಸಸ್ಯ, ಪ್ರಾಣಿ ಮೂಲದವೆಂದು ವಿಂಗಡಿಸಿದರು. ಕುಲುಮೆ, ಮೂಸೆ, ಬಟ್ಟಿ ಇಳಿಸುವ ಪಾತ್ರೆಗಳನ್ನು ವಿವರಿಸಿದರು. ಕೈಯಲ್ಲಿರುವ ವಸ್ತು ಯಾವುದೆಂದು ಗುರುತಿಸಿ, ಬೇರ್ಪಡಿಸಿ ಇಡುವುದೇ ಸುರಕ್ಷತೆಯ ಮೊದಲ ಹೆಜ್ಜೆಯಲ್ಲವೇ?

ಆದರೆ ಅಪಾಯದ ಅರಿವು ತಡವಾಗಿ ಬಂತು. ಆಮ್ಲಜನಕವನ್ನೂ ಕ್ಲೋರಿನ್ನನ್ನೂ ಕಂಡುಹಿಡಿದ ಸ್ವೀಡನ್ನಿನ ಷೀಲೆ, ತಾವು ತಯಾರಿಸಿದ ವಸ್ತುಗಳನ್ನು ಮೂಸಿ, ರುಚಿ ನೋಡುತ್ತಿದ್ದರು. 1786ರಲ್ಲಿ ತೀರಿಕೊಂಡಾಗ ಅವರ ವಯಸ್ಸು ಕೇವಲ 43. ವಿಷವಸ್ತುಗಳ ಸಂಪರ್ಕವೇ ಇದಕ್ಕೆ ಕಾರಣವಿರಬೇಕೆಂದು ಅನೇಕರ ಅಭಿಪ್ರಾಯ. 1811ರಲ್ಲಿ ನೈಟ್ರೋಜನ್ ಟ್ರೈಕ್ಲೋರೈಡನ್ನು ಕಂಡುಹಿಡಿದ ಫ್ರಾನ್ಸಿನ ಡ್ಯೂಲಾಂಗ್, ಅದರ ಸ್ಫೋಟದಲ್ಲಿ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡರು. ಮರುವರ್ಷ ಅದೇ ವಸ್ತು ಇಂಗ್ಲೆಂಡಿನ ಹಂಫ್ರಿ ಡೇವಿಯವರ ಕಣ್ಣಿಗೆ ಗಾಯ ಮಾಡಿತು. ‘ರುಚಿ ನೋಡಬೇಡಿ’, ‘ಕನ್ನಡಕ ಧರಿಸಿ’ ಎಂಬ ಮಾತುಗಳ ಹಿಂದೆ ಇಂಥವರ ನೋವಿದೆ.

ಇದು ಹಿಂದಿನ ಕಾಲದ ಮಾತು ಎನ್ನಬೇಡಿ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ರಾಸಾಯನಿಕವೊಂದು 23 ವರ್ಷದ ಸಂಶೋಧನಾ ಸಹಾಯಕಿಯ ಮೇಲೆ ಬಿತ್ತು. ಅವರು ಪ್ರಯೋಗಾಲಯದ ಕೋಟು ಧರಿಸಿರಲಿಲ್ಲ; 18 ದಿನಗಳ ನಂತರ ಅಸುನೀಗಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 2018ರ ಡಿಸೆಂಬರ್ 5ರಂದು ಸಂಭವಿಸಿದ ಸ್ಫೋಟದಲ್ಲಿ ಒಬ್ಬರು ಮೃತಪಟ್ಟು ಮೂವರು ಗಾಯಗೊಂಡರು. ಓದಿದವರು, ಅನುಭವಿಗಳು ಇರುವ ಕಡೆಯೂ ಎಚ್ಚರ ತಪ್ಪುವಂತಿಲ್ಲ.

ನಮ್ಮ ದೇಶದ ಕಾನೂನುಗಳೂ ದುರಂತದ ಬೆನ್ನಿಗೇ ಬಂದವು. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿ, ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಜಾರಿಗೆ ಬಂದವು. ನಾವು ದಿನವೂ ಕುಡಿಯುವ ನೀರು ಕೂಡ ತಪ್ಪಾದ ಜಾಗದಲ್ಲಿ ಮೃತ್ಯುವಾಗಬಲ್ಲದು. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ ಆಗುವುದೂ ಇದೇ ಜಾತಿಯ ಅನಾಹುತ. ಹಗುರವಾದ ನೀರು ಮೇಲೆಯೇ ನಿಂತು, ಹುಟ್ಟಿದ ಶಾಖಕ್ಕೆ ಒಮ್ಮೆಲೇ ಕುದಿದು, ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಆದ್ದರಿಂದಲೇ ನೀರಿಗೆ ಆಮ್ಲವನ್ನು ನಿಧಾನವಾಗಿ, ಕಲಕುತ್ತಾ ಸೇರಿಸಬೇಕು.

ಆಮ್ಲ ಅಸ್ತ್ರವಾದ ಕಹಿ ಇತಿಹಾಸವೂ ಇದೆ. ಹೆಣ್ಣುಮಕ್ಕಳ ಮೇಲಿನ ಆ್ಯಸಿಡ್ ದಾಳಿಗಳ ಹಿನ್ನೆಲೆಯಲ್ಲಿ, 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಅದರ ಮಾರಾಟವನ್ನು ನಿಯಂತ್ರಿಸಿತು. ಆ ಆದೇಶ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆಮ್ಲದ ಬಳಕೆಗೆ ರಿಜಿಸ್ಟರ್ ಇಡಬೇಕು, ಅದರ ಹೊಣೆಗೆ ಒಬ್ಬರು ಇರಬೇಕು, ಪ್ರಯೋಗಾಲಯದಿಂದ ಹೊರಬರುವವರನ್ನು ತಪಾಸಣೆ ಮಾಡಬೇಕು. ಸಂಘದ ಸದಸ್ಯರೇ, ನಮ್ಮ ಮಕ್ಕಳು ಓದುವ ಶಾಲೆಗಳಲ್ಲಿ ಆ ರಿಜಿಸ್ಟರ್ ಇದೆಯೇ ಎಂದು ಒಮ್ಮೆ ಕೇಳಿ ನೋಡಿ.

ಹಾಗೆಂದು ಹೆದರಿ ಬೀರುವಿಗೆ ಬೀಗ ಹಾಕಿ ಕೂರುವುದು ಪರಿಹಾರವಲ್ಲ. ಲಿಟ್ಮಸ್ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡದೆ ಪುಸ್ತಕದಲ್ಲಷ್ಟೇ ಓದಿದ ಮಗು ವಿಜ್ಞಾನವನ್ನೂ ಕಲಿಯದು, ಎಚ್ಚರವನ್ನೂ ಕಲಿಯದು. ಮುಂದೆ ಕಾಲೇಜಿನಲ್ಲಿ ಮೊದಲ ಸಲ ಆಮ್ಲದ ಸೀಸೆ ಹಿಡಿದಾಗ ಅದರ ಕೈ ನಡುಗುತ್ತದೆ. ನಮ್ಮದೇ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನೀಡುವ ಕೇಂದ್ರವಿದೆ. ನಮ್ಮ ಶಿಕ್ಷಕರು ಅದರ ಪ್ರಯೋಜನ ಪಡೆಯಲಿ.

ವಿದ್ಯಾರ್ಥಿಗಳೇ, ಸೀಸೆಯ ಲೇಬಲ್ ಓದದೆ ಮುಚ್ಚಳ ತೆಗೆಯಬೇಡಿ. ಇಂಗ್ಲಿಷ್ ತಿಳಿಯದಿದ್ದರೂ ಕೆಂಪು ಅಂಚಿನ ಚೌಕದೊಳಗಿನ ಚಿತ್ರ ನೋಡಿ. ಭಾಷೆ ಬಾರದವರಿಗೂ ಅರ್ಥವಾಗಲೆಂದೇ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಆ ಗುರುತುಗಳಿವೆ. ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ. ಮೈಮೇಲೆ ಆಮ್ಲ ಬಿದ್ದರೆ ಮುಚ್ಚಿಡದೆ ಕೂಡಲೇ ಶಿಕ್ಷಕರಿಗೆ ತಿಳಿಸಿ, ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಷೀಲೆ, ಡ್ಯೂಲಾಂಗ್ ಅವರಿಗೆ ಎಚ್ಚರಿಕೆ ಹೇಳುವವರು ಯಾರೂ ಇರಲಿಲ್ಲ. ನಮಗೆ ಅವರೇ ಹೇಳಿ ಹೋಗಿದ್ದಾರೆ.