ಮೈಬಣ್ಣದ ಚರಿತ್ರೆ: ಕರಿಯಮ್ಮನಿಂದ ಕ್ರೀಮಿನವರೆಗೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಕರಿಯಮ್ಮ, ಕೆಂಚಮ್ಮ ಎಂಬ ಗ್ರಾಮದೇವತೆಗಳ ಗುಡಿಗಳಿದ್ದು, ಮಕ್ಕಳಿಗೆ ಕರಿಯಪ್ಪ, ಕೆಂಚಪ್ಪ ಎಂದು ಹೆಸರಿಡುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ‘ಕರಿ’ ಎಂದರೆ ಕಪ್ಪು, ‘ಕೆಂಚು’ ಎಂದರೆ ಕೆಂಪು ಛಾಯೆ. ದೈವಕ್ಕೂ ಮಗುವಿಗೂ ಒಂದೇ ಪದವನ್ನಿಟ್ಟ ಜನಕ್ಕೆ ಅದು ಬೈಗುಳವಾಗಿರಲಾರದು. ಮಹಾಭಾರತದ ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದಲೇ, ಮತ್ತು ಆ ಕಾವ್ಯದಲ್ಲಿ ಅವಳಿಗೆ ಸಾಟಿಯಾದ ಚೆಲುವೆ ಇಲ್ಲ. ಹಾಗೆಂದು ಹಳೆಯ ಕಾಲಕ್ಕೆ ಕಳಂಕವೇ ಇರಲಿಲ್ಲ ಎನ್ನಲಾಗದು: ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮನೆಮಾತಿನ ‘ಆದರೂ’ ಎಂಬ ಒಂದು ಪದದಲ್ಲಿ, ಬಿಸಿಲಲ್ಲಿ ದುಡಿಯುವವರನ್ನು ನೆರಳಲ್ಲಿ ಕೂತವರು ಕಂಡ ಬಗೆಯೂ, ಜಾತಿಯ ಮೇಲುಕೀಳೂ, ಬಿಳಿಯರ ಆಳ್ವಿಕೆ ಬಿಟ್ಟುಹೋದ ಮರ್ಯಾದೆಯ ಅಳತೆಯೂ ಸೇರಿಕೊಂಡಿವೆ.

ಈ ಕೀಳರಿಮೆಯನ್ನು ಸರಕಾಗಿಸಿದ್ದು ಇಪ್ಪತ್ತನೆಯ ಶತಮಾನ. ಮುಂಬೈಯ ಇ.ಎಸ್. ಪಾಟನವಾಲಾ 1919ರಲ್ಲಿ ‘ಅಫ್ಘಾನ್ ಸ್ನೋ’ ಎಂಬ ಮುಖದ ಲೇಪವನ್ನು ಮಾರುಕಟ್ಟೆಗೆ ತಂದರು. 1975ರಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿಯ ‘ಫೇರ್ ಅಂಡ್ ಲವ್ಲಿ’ ಕ್ರೀಮು ಬಂದಿತು. ಅದರ ಜಾಹೀರಾತುಗಳಲ್ಲಿ ಕಪ್ಪು ಹುಡುಗಿಗೆ ಗಂಡೂ ಕೆಲಸವೂ ದಕ್ಕುತ್ತಿದ್ದದ್ದು ಮುಖ ಬೆಳ್ಳಗಾದ ಮೇಲೆ ಮಾತ್ರ, ಹಾಗಾಗಿ ಮನೆಯೊಳಗಿನ ಪಿಸುಮಾತು ದೇಶದ ಸಾರ್ವಜನಿಕ ಮಾತಾಯಿತು. ಇದಕ್ಕೆ ಎದುರಾಗಿ ಚೆನ್ನೈಯ ‘ವಿಮೆನ್ ಆಫ್ ವರ್ತ್’ ಸಂಸ್ಥೆಯು 2009ರಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಆಂದೋಲನವನ್ನು ಆರಂಭಿಸಿತು. ನಟಿ ನಂದಿತಾ ದಾಸ್ 2013ರಲ್ಲಿ ಅದರ ರಾಯಭಾರಿಯಾದರು. ಕಪ್ಪು ಬಣ್ಣದವರನ್ನು ದುಃಖಿಗಳೆಂದೋ ಸೋತವರೆಂದೋ ತೋರಿಸಕೂಡದೆಂದು ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ, ಅಮೆರಿಕದ ವರ್ಣಭೇದ ವಿರೋಧಿ ಚಳವಳಿ ಜಗತ್ತಿನೆಲ್ಲೆಡೆ ಹಬ್ಬಿದಾಗ, ಆ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂದಿತು. ಹೆಸರು ಬದಲಾದದ್ದು ಸಣ್ಣ ಗೆಲುವೇನಲ್ಲ, ಆದರೆ ಆಸೆ ಬದಲಾಗಲಿಲ್ಲ.

ಆ ಆಸೆಗೆ ತೆರಬೇಕಾದ ಬೆಲೆಯನ್ನು ಚರ್ಮವೈದ್ಯರು ಬಲ್ಲರು. ಮೈಗೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಸೂರ್ಯನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುವ ಕೊಡೆ. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿದ್ದು, ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಯಲ್ಲಿ. ಈ ಕೊಡೆಯನ್ನೇ ಕಿತ್ತೆಸೆಯಲು ಜನ ಪಾದರಸ ಬೆರೆತ ಲೇಪಗಳನ್ನೂ, ಔಷಧದಂಗಡಿಯಿಂದ ತಾವೇ ಕೇಳಿ ತಂದ ಸ್ಟೀರಾಯ್ಡ್ ಮುಲಾಮುಗಳನ್ನೂ ಬಳಸಿದರು. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ಸ್ಟೀರಾಯ್ಡ್ ಮೊದಲು ಮುಖವನ್ನು ತಿಳಿಯಾಗಿಸಿ, ಕ್ರಮೇಣ ಚರ್ಮವನ್ನು ತೆಳುವಾಗಿಸಿ, ಹಚ್ಚುವುದನ್ನು ಬಿಟ್ಟೊಡನೆ ಉರಿ, ಕೆಂಪು, ಮೊಡವೆಗಳನ್ನು ತರುತ್ತದೆ. ಉರಿಗೆ ಹೆದರಿ ಮತ್ತೆ ಹಚ್ಚುವುದರಿಂದ ಇದೊಂದು ಚಟವಾಗುತ್ತದೆ. ಚರ್ಮವೈದ್ಯರ ಸಂಘ ಇದರ ವಿರುದ್ಧ ದನಿಯೆತ್ತಿದ್ದ ಹಿನ್ನೆಲೆಯಲ್ಲಿ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ತನ್ನ ಬಣ್ಣವನ್ನು ಒಪ್ಪಿಕೊಳ್ಳುವುದು ಇಲ್ಲಿ ಬರಿಯ ಮನಸ್ಸಿನ ಸಮಾಧಾನವಲ್ಲ, ಚಿಕಿತ್ಸೆಯ ಭಾಗವೇ ಆಗಿದೆ, ಏಕೆಂದರೆ ಒಪ್ಪದವರ ಕೈಗೆ ಆ ಮುಲಾಮಿನ ಟ್ಯೂಬು ಮತ್ತೆ ಬರುತ್ತದೆ. ವೈದ್ಯರ ನಿಗಾದಲ್ಲಿ ಮುಲಾಮನ್ನು ಬಿಟ್ಟ ಮುಖ ತನ್ನ ಸಹಜ ಸ್ಥಿತಿಯ ಕಡೆಗೆ ಮರಳಲು ತಿಂಗಳುಗಳೇ ಹಿಡಿಯುತ್ತವೆ.