ಕಥೆ ಎಲ್ಲಿಂದ ಹೊರಡುತ್ತದೆ?



ಕಥೆ ಹೇಳುವುದು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಜಗಲಿಯ ಮೇಲೆ ಕುಳಿತ ಅಜ್ಜಿ ‘ಒಂದೂರಿನಲ್ಲಿ ಒಬ್ಬ ರಾಜನಿದ್ದ’ ಎಂದ ಮಾತ್ರಕ್ಕೆ ಕಥೆ ಹೊರಡುವುದಿಲ್ಲ. ‘ಅವನಿಗೆ ಮಕ್ಕಳಿರಲಿಲ್ಲ’ ಎಂದಾಗ ಮೊಮ್ಮಕ್ಕಳು ಹತ್ತಿರ ಸರಿದು ಕೂರುತ್ತಾರೆ. ಪಾತ್ರವನ್ನು ಮನೆಯಿಂದ ಎಬ್ಬಿಸುವುದು ಈ ಎರಡನೆಯ ಮಾತು. ನಮ್ಮ ಕಾದಂಬರಿಕಾರರು ಅದನ್ನು ಹೇಗೆ ಆರಿಸಿಕೊಂಡರು ಎಂಬುದನ್ನು ನಾಲ್ಕು ಕೃತಿಗಳ ಮೂಲಕ ನೋಡೋಣ.

ಮೊದಲನೆಯದು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಪುಸ್ತಕ ಇದು. ಆಗ ಕಾಸರಗೋಡು, ಮಂಗಳೂರು ಎರಡೂ ಮದರಾಸು ಪ್ರಾಂತದ ಒಂದೇ ಜಿಲ್ಲೆಗೆ ಸೇರಿದ್ದವು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ ಇಂದಿರೆ. ವಿಧವೆಯಾದದ್ದಷ್ಟೇ ಕಥೆಯನ್ನು ನಡೆಸುವುದಿಲ್ಲ. ಅಂದು ಅಂಥ ಹುಡುಗಿಯರು ಎಷ್ಟೋ ಮನೆಗಳಲ್ಲಿ ಇದ್ದರು. ತನ್ನ ಮನೆಯೇ ತನಗೆ ಕ್ಷೇಮವಲ್ಲ ಎಂದು ತಿಳಿದಾಗ ಅವಳು ಹೊಸ್ತಿಲು ದಾಟುತ್ತಾಳೆ. ಆಮೇಲಿನ ಓದು, ಮರುಮದುವೆ ಎಲ್ಲವೂ ಆ ದಾಟುವಿಕೆಯ ಫಲ.

1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಬಂದಿತು. ಇಲ್ಲಿ ಹೊರಗಿನಿಂದ ದೊಡ್ಡ ಘಟನೆಯೊಂದು ಬಂದು ಎರಗುವುದಿಲ್ಲ. ಚೋಮ ಧಣಿಯ ಆಳು. ಅವನ ಬಳಿ ಎತ್ತುಗಳಿವೆ, ಉಳುವುದಕ್ಕೆ ಗೇಣು ನೆಲವಿಲ್ಲ. ಅವನ ಜಾತಿಯವನು ಬೇಸಾಯ ಮಾಡಬಾರದು ಎಂಬುದು ಊರಿನ ಕಟ್ಟಳೆ. ಎತ್ತುಗಳಿಲ್ಲದಿದ್ದರೆ ಅವನ ಆಸೆ ಬರಿಯ ಕನಸಾಗಿ ಉಳಿಯುತ್ತಿತ್ತು. ಕಣ್ಣೆದುರು ಎತ್ತುಗಳು ಇರುವುದರಿಂದಲೇ ಆ ಆಸೆ ಅವನನ್ನು ಕೂರಲು ಬಿಡುವುದಿಲ್ಲ. ಅದರ ಜೊತೆಗೆ ತೀರದ ಸಾಲ. ಅದನ್ನು ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ಒಬ್ಬ ಮನುಷ್ಯನ ಒಂದು ಬಯಕೆ, ಅದಕ್ಕೆ ಅಡ್ಡ ನಿಂತ ಒಂದು ಕಟ್ಟಳೆ: ಇಷ್ಟರಿಂದಲೇ ಕಾರಂತರು ಇಡೀ ಕಾದಂಬರಿಯನ್ನು ನಡೆಸಿದರು.

1965ರ ‘ಸಂಸ್ಕಾರ’ದಲ್ಲಿ ಯು. ಆರ್. ಅನಂತಮೂರ್ತಿಯವರು ಬೇರೆ ದಾರಿ ಹಿಡಿದರು. ಅಗ್ರಹಾರದ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಆಚಾರಗಳನ್ನೆಲ್ಲ ಮುರಿದವನು, ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾದರೆ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಅವನೊಡನೆ ಬಾಳಿದ ಚಂದ್ರಿ ಖರ್ಚಿಗೆಂದು ತನ್ನ ಒಡವೆ ಬಿಚ್ಚಿಟ್ಟಾಗ, ಒಲ್ಲೆನೆಂದವರಿಗೂ ಆಸೆ ಹುಟ್ಟುತ್ತದೆ. ಮಹಾಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಎಷ್ಟು ತಿರುವಿದರೂ ಉತ್ತರ ಸಿಗುವುದಿಲ್ಲ. ಸನ್ನಿವೇಶದ ಆಯ್ಕೆಯನ್ನು ಗಮನಿಸಿ. ಹಸಿವು ಕಾಯುವುದಿಲ್ಲ, ಹೆಣವೂ ಕಾಯುವುದಿಲ್ಲ. ಗ್ರಂಥವನ್ನೇ ನಂಬಿ ಬಾಳಿದವನಿಗೆ ಗ್ರಂಥದಲ್ಲಿಲ್ಲದ ಪ್ರಶ್ನೆಯೇ ಎದುರಾಗಿದೆ. ಇದೇ ಪ್ರಶ್ನೆ ಒಬ್ಬ ಸೋಮಾರಿಯ ಎದುರು ಬಂದಿದ್ದರೆ ಕಾದಂಬರಿ ಆಗುತ್ತಿರಲಿಲ್ಲ.

ಇನ್ನು ನಮ್ಮ ಗಡಿಯ ಕಥೆಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಊರಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. 2023ರಲ್ಲಿ ತೀರಿಕೊಳ್ಳುವವರೆಗೆ ಅವರ ಬರಹದ ಭಾಷೆ ಕನ್ನಡವೇ ಆಗಿತ್ತು. ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತು. ನಾದಿರಾ ಗಂಡನನ್ನು ಪ್ರೀತಿಸುವವಳು. ಗಂಡನಿಗೂ ತಂದೆಗೂ ಮನಸ್ತಾಪ ಬೆಳೆದು, ತಂದೆಯ ಹಟದಿಂದ ತಲಾಖ್ ಆಗಿಹೋಗುತ್ತದೆ. ಮುಂದೆ ಇಬ್ಬರಿಗೂ ಮತ್ತೆ ಒಂದಾಗುವ ಅವಕಾಶ ಬರುತ್ತದೆ. ಆದರೆ ಅದಕ್ಕೂ ಮೊದಲು ಅವಳು ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕೆಂಬ ನಿಯಮ ಎದುರು ನಿಲ್ಲುತ್ತದೆ. ಬೇಕಾದದ್ದು ಕೈಗೆ ಸಿಗುವ ಹೊತ್ತಿನಲ್ಲೇ ಮಾನವನ್ನು ಬೆಲೆಯಾಗಿ ಕೇಳುವ ಸನ್ನಿವೇಶ ಇದು. ಅವಳ ದುರಂತ ಅದರೊಳಗೇ ಅಡಗಿದೆ.

ಕೇಳುಗರೇ, ಈ ನಾಲ್ಕರಲ್ಲೂ ಒಂದು ಸಮಾನ ಗುಣ ಕಾಣುತ್ತದೆ. ಸನ್ನಿವೇಶವು ಆ ಪಾತ್ರಕ್ಕೇ ತಾಗುವಂತಿದೆ. ಊರಿನ ಕಟ್ಟಳೆ ದಾರಿಗೆ ಅಡ್ಡವಾಗಿದೆ. ಸುಮ್ಮನೆ ಕುಳಿತಿರುವ ಉಪಾಯ ಯಾರಿಗೂ ಇಲ್ಲ. ಭೂಕಂಪ, ಕೊಲೆ, ಲಾಟರಿ ಯಾವುದೂ ಬೇಕಾಗಲಿಲ್ಲ.

ಗಡಿಯಲ್ಲಿ ಬಾಳುವ ನಮ್ಮ ಸುತ್ತ ಇಂಥ ಸನ್ನಿವೇಶಗಳಿಗೆ ಬರವಿಲ್ಲ. ಕನ್ನಡದಲ್ಲಿ ಬರೆದಿಟ್ಟ ಅಜ್ಜನ ಪಾಲುಪತ್ರವನ್ನು ಓದಲಾರದ ಮೊಮ್ಮಗನಿದ್ದಾನೆ ಎನ್ನಿ. ಅಷ್ಟರಿಂದ ಕಥೆ ಆಗುವುದಿಲ್ಲ. ನಾಳೆ ಬೆಳಿಗ್ಗೆ ಜಮೀನಿನ ವ್ಯಾಜ್ಯದ ವಿಚಾರಣೆ ಇದೆ. ಆ ಪತ್ರವನ್ನು ಓದಬಲ್ಲವನು ಊರಿನಲ್ಲಿ ಒಬ್ಬನೇ, ಅವನೇ ಎದುರುವಾದಿ ಎನ್ನಿ. ಈಗ ಮೊಮ್ಮಗ ಏನಾದರೂ ಮಾಡಲೇಬೇಕು.

ಅವನು ಯಾರ ಬಾಗಿಲು ತಟ್ಟುತ್ತಾನೆ? ಅದನ್ನು ನೀವು ಬರೆಯಬೇಕು. ನಮ್ಮ ಊರಿನ ಕಟ್ಟಳೆ, ನಮ್ಮ ಊರಿನ ಆಸೆ ನಮಗೆ ಗೊತ್ತಿರುವಷ್ಟು ದೂರದವರಿಗೆ ಗೊತ್ತಿಲ್ಲ. ನಾವು ಬರೆಯದೆ ಉಳಿದ ಕಥೆ ಬರೆಯದೆಯೇ ಉಳಿದುಹೋಗುತ್ತದೆ.