ಸೋನಾರ್ ಹೋಗಿ ಜುಪಿಟರ್ ಆದ ಕಥೆ

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಚೀಲದ ಮೇಲೆ ಏನು ಬರೆದಿದೆ ಅಂತ ನೋಡಿ ಯಾರೂ ರೇಟು ಕಟ್ಟೋದಿಲ್ಲ. ಕೈ ಹಾಕಿ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದೆರಡು ಒಡೆದು, ಆಮೇಲೆ ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ತೀರ್ಮಾನ. ಹಳೇ ಕ್ಯಾಮೆರಾ ಲೆನ್ಸು ಕೊಳ್ಳುವವರು ಮಾತ್ರ (ಇದರಲ್ಲಿ ನಮ್ಮ ಸಾಫ್ಟ್‌ವೇರ್ ಮಂದಿಯೇ ಮುಂದು) ಮುಂದಿನ ಉಂಗುರದ ಮೇಲೆ ಕೆತ್ತಿದ ಹೆಸರು ನೋಡಿ ದುಡ್ಡು ಎಣಿಸಿಬಿಡ್ತಾರೆ. ರೇಂಜ್‌ಫೈಂಡರ್ ಕ್ಯಾಮೆರಾಗಳ ಲೆನ್ಸಿನಲ್ಲಿ ಅತ್ಯಂತ ಸುಲಭವಾಗಿ ಸುಳ್ಳು ಹೇಳೋದು ಆ ಹೆಸರೇ. ಯಾಕೆ ಹೀಗಾಯ್ತು ಅನ್ನೋದಕ್ಕೆ ಒಂದು ದೊಡ್ಡ ಯುದ್ಧದ ಚರಿತ್ರೆಯೇ ಇದೆ.

ರೇಂಜ್‌ಫೈಂಡರ್ ಅಂದರೇನು ಅಂತ ಕೇಳುವವರಿಗೆ ಎರಡು ಮಾತು. ಇದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಮುಂದುಗಡೆ ಎರಡು ಪುಟ್ಟ ಕಿಟಕಿಗಳಿರುತ್ತವೆ, ಎರಡರ ಬಿಂಬವೂ ಕಣ್ಣಿಗೆ ಒಂದರ ಮೇಲೊಂದು ಬೀಳುತ್ತದೆ. ಫೋಕಸ್ ಆಗದಿದ್ದಾಗ ಎದುರಿಗಿರುವವರಿಗೆ ಎರಡೆರಡು ಮೂಗು! ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಎರಡೂ ಸೇರಿ ಒಂದಾಗುತ್ತವೆ. ಆಗ ಕ್ಲಿಕ್.

1932ರಲ್ಲಿ ಎರಡು ಜರ್ಮನ್ ಕಂಪನಿಗಳು ಇಂಥ 35 ಎಂಎಂ ಕ್ಯಾಮೆರಾಗಳನ್ನು ಹೊರತಂದವು. ಲೈಟ್ಸ್ ಕಂಪನಿಯದು ಲೈಕಾದ ಎರಡನೇ ಮಾದರಿ, ಝೈಸ್ ಐಕಾನ್‌ನದು ಕಾಂಟ್ಯಾಕ್ಸ್. ಕ್ಯಾಮೆರಾ ಅಂತ ನೋಡಿದರೆ ನನ್ನ ಓಟು ಲೈಕಾಕ್ಕೆ, ಕಾಂಟ್ಯಾಕ್ಸಿನ ಶಟರ್ ಬಿಚ್ಚಿದವರು ಮತ್ತೆ ಜೋಡಿಸೋದು ಕಷ್ಟ. ಆದರೆ ಲೆನ್ಸಿನ ವಿಷಯದಲ್ಲಿ ಝೈಸ್ ಮೈಲಿಗಟ್ಟಲೆ ಮುಂದಿತ್ತು, ಕಾರಣ ಲುಡ್ವಿಗ್ ಬೆರ್ಟೆಲೆ ಎಂಬಾತ ರೂಪಿಸಿದ ಸೋನಾರ್. ಆಗಿನ್ನೂ ಗಾಜಿಗೆ ಲೇಪನ ಹಚ್ಚುವುದು ಬಂದಿರಲಿಲ್ಲ. ಗಾಜು ಗಾಳಿಗೆ ತಾಗುವ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇ. 5ರಷ್ಟು ಬೆಳಕು ವಾಪಸು ಚಿಮ್ಮಿ ಫೋಟೋ ಮಂಕಾಗುತ್ತಿತ್ತು. ಬೆರ್ಟೆಲೆ 1:1.5 ಸೋನಾರಿನಲ್ಲಿ ಏಳು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದ. ಗಾಳಿಗೆ ತಾಗುವ ಮೇಲ್ಮೈ ಬರೀ ಆರು. ಎಂಟು ಮೇಲ್ಮೈ ಇರುವ ಲೆನ್ಸಿನಲ್ಲಿ ಶೇ. 66ರಷ್ಟು ಬೆಳಕು ಒಳಗೆ ಬಂದರೆ ಇದರಲ್ಲಿ ಶೇ. 73. (0.95 ಅನ್ನು ಆರು ಸಲ ಗುಣಿಸಿ ನೋಡಿ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ :-)) 1935ರಲ್ಲಿ ಝೈಸಿನಲ್ಲೇ ಇದ್ದ ಅಲೆಕ್ಸಾಂಡರ್ ಸ್ಮಕುಲ ಲೇಪನದ ವಿಧಾನಕ್ಕೆ ಪೇಟೆಂಟ್ ಪಡೆದರು. ಲೇಪನವಿರುವ ಝೈಸ್ ಲೆನ್ಸುಗಳ ಮೇಲೆ ಕೆಂಪು ‘ಟಿ’ ಅಕ್ಷರ ಕಾಣೋದು ಆಮೇಲಿನ ಮಾತು.

ಇನ್ನು ಯುದ್ಧ. 1945ರ ಫೆಬ್ರವರಿಯಲ್ಲಿ ಕ್ಯಾಮೆರಾ ತಯಾರಾಗುತ್ತಿದ್ದ ಡ್ರೆಸ್ಡೆನ್ ಬಾಂಬಿಗೆ ಸುಟ್ಟುಹೋಯಿತು. ಲೆನ್ಸು ತಯಾರಾಗುತ್ತಿದ್ದ ಯೇನಾ ಪಟ್ಟಣಕ್ಕೆ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನ್ಯ ಬಂತು. ಆದರೆ ಒಪ್ಪಂದದ ಪ್ರಕಾರ ಆ ಪ್ರದೇಶ ಸೋವಿಯತ್ ಒಕ್ಕೂಟದ ಪಾಲು. ಜುಲೈ ಮೊದಲಲ್ಲಿ ಬಿಟ್ಟುಕೊಡುವ ಮುಂಚೆ ಅಮೆರಿಕನ್ನರು ಝೈಸ್ ಮತ್ತು ಗಾಜು ಮಾಡುತ್ತಿದ್ದ ಶಾಟ್ ಕಂಪನಿಗಳ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ವ್ಯವಸ್ಥಾಪಕರನ್ನು ಪಶ್ಚಿಮಕ್ಕೆ ಸಾಗಿಸಿದರು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡ ಹಾಗೆ ತಲೆಗಳು ಅವರಿಗೆ, ಯಂತ್ರಗಳು ಇವರಿಗೆ. ಕಾಂಟ್ಯಾಕ್ಸಿನ ಯಂತ್ರೋಪಕರಣಗಳು ಕೀವ್ ನಗರದ ಆರ್ಸೆನಲ್ ಕಾರ್ಖಾನೆಗೆ ಹೋದವು. 1947ರಿಂದ ಅಲ್ಲಿ ‘ಕೀವ್’ ಹೆಸರಿನ ಕ್ಯಾಮೆರಾ ಶುರುವಾಯಿತು. ಮೊದಮೊದಲ ಕೀವ್‌ಗಳಲ್ಲಿ ಜರ್ಮನಿಯಿಂದ ತಂದ ಬಿಡಿಭಾಗಗಳೇ ಇವೆ.

ಲೆನ್ಸಿನ ಕೆಲಸ ಹೋದದ್ದು ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್‌ಗೆ. ಅಲ್ಲಿ ಮೊದಲು ಬಂದ ಲೆನ್ಸುಗಳ ಹೆಸರು ‘ಝಡ್‌ಕೆ’, ಅಂದರೆ ರಷ್ಯನ್ ಬಾಯಲ್ಲಿ ಕ್ರಾಸ್ನೊಗೊರ್ಸ್ಕಿನ ಸೋನಾರ್. ಹೊರಗಿನ ಕವಚ ರಷ್ಯದ್ದು, ಒಳಗಿನ ಗಾಜು ಜರ್ಮನಿಯಿಂದ ತಂದದ್ದು. ಆ ದಾಸ್ತಾನು ಮುಗಿಯುವ ಹೊತ್ತಿಗೆ ಸೋವಿಯತ್ ಗಾಜಿಗೆ ತಕ್ಕಂತೆ ಲೆಕ್ಕ ಹಾಕಿಕೊಂಡು, 1950ರ ಸುಮಾರಿಗೆ ಹೊಸ ಹೆಸರಿಟ್ಟರು: 1:1.5 ಲೆನ್ಸು ಜುಪಿಟರ್-3, 1:2 ಲೆನ್ಸು ಜುಪಿಟರ್-8. ಇವನ್ನು ಕೀವ್‌ಗೆ ಒಂದು ರೀತಿ, ಲೈಕಾ ತಿರುಪು ಇರುವ ಝೋರ್ಕಿ ಮತ್ತು ಫೆಡ್ ಕ್ಯಾಮೆರಾಗಳಿಗೆ ಇನ್ನೊಂದು ರೀತಿ ಮಾಡಿದರು. ಈ ಎರಡನೇ ರೀತಿಯದ್ದೇ ಮುಂದಿನ ತಂಟೆಗೆಲ್ಲ ಮೂಲ.

ಯಾಕಂದರೆ ಯುದ್ಧದ ವರ್ಷಗಳಲ್ಲಿ ಝೈಸ್ ಕೂಡ ಲೈಕಾ ತಿರುಪಿನ ಸೋನಾರ್‌ಗಳನ್ನು ಸ್ವಲ್ಪ ಸಂಖ್ಯೆಯಲ್ಲಿ ಮಾಡಿತ್ತು. ಅವು ನಿಜಕ್ಕೂ ಅಪರೂಪ. ಹಾಗಾಗಿ ಜುಪಿಟರಿನ ಹೆಸರಿನ ಉಂಗುರ ತೆಗೆದು ‘ಕಾರ್ಲ್ ಝೈಸ್ ಯೇನಾ’ ಅಂತ ಕೆತ್ತಿದ ಉಂಗುರ ಕೂರಿಸಿದರೆ ಬೆಲೆ ಏಕ್‌ದಂ ಏರುತ್ತದೆ.

ಕಳೆದ ವರ್ಷ ನನ್ನ ಗೆಳೆಯನೊಬ್ಬ ಹೀಗೇ ಒಂದು ‘ಯುದ್ಧಕಾಲದ ಸೋನಾರ್’ಗೆ ಮೂವತ್ತೈದು ಸಾವಿರ ಕೊಡಲು ತಯಾರಾಗಿದ್ದ, ಅಡ್ವಾನ್ಸ್ ಒಂದು ಬಾಕಿ. ಮಾರುವವರು ಕಳಿಸಿದ ಫೋಟೋಗಳು ಸ್ಪಷ್ಟವಾಗಿದ್ದವು, ಸಂಖ್ಯೆ 27 ಲಕ್ಷದ ಆಸುಪಾಸು, ಅಂದರೆ 1940ರ ದಶಕದ ಆರಂಭಕ್ಕೆ ಸರಿಯಾಗಿ ಹೊಂದುತ್ತದೆ. ಕೆಂಪು ‘ಟಿ’ ಕೂಡ ಇತ್ತು. ಅದೇ ವಾರ ಹೊನ್ನಾಳಿಯಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದ ಕಪಾಟು ಖಾಲಿ ಮಾಡುತ್ತಿದ್ದರು. ಮಾಲೀಕರ ಮಗ ಒಂದು ಝೋರ್ಕಿ-4 ತೋರಿಸಿ, “ನಮ್ಮ ಅಪ್ಪಾಜಿ ಇದನ್ನ ರಷ್ಯಾ ಡಬ್ಬ ಅಂತಿದ್ರು ಕಣಪ್ಪ, ಗುಜರಿಗೆ ಹಾಕಿಬಿಡ್ಲಾ?” ಅಂದರು. “ಬೇಡ ಅಣ್ಣಾ, ಒಂದು ನಿಮಿಷ ಕೊಡಿ” ಅಂತ ಇಸಕೊಂಡೆ. ಅದರಲ್ಲಿದ್ದದ್ದು ಜುಪಿಟರ್-8. ಸಂಖ್ಯೆಯ ಮೊದಲ ಎರಡು ಅಂಕಿ 61. ಜುಪಿಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಲೆರಡು ಅಂಕಿಯೇ ತಯಾರಾದ ಇಸವಿ, ಹಾಗಾಗಿ 1961.

ಫೋನಿನಲ್ಲಿದ್ದ ‘ಸೋನಾರ್’ ಫೋಟೋವನ್ನು ಅದರ ಪಕ್ಕ ಹಿಡಿದೆ. ಬೆರಳು ಹಿಡಿಯುವ ಉಂಗುರದ ಗೀರುಗಳು, ಪುಟ್ಟ ಸ್ಕ್ರೂಗಳು ಕೂತ ಜಾಗ, ಮೀಟರ್ ಅಂಕಿಗಳ ಅಕ್ಷರ ವಿನ್ಯಾಸ, ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುವ ಕವಚ, ಎಲ್ಲ ಅದೇ, ಪಡಿಯಚ್ಚು. ಈ ಕವಚವನ್ನು ರೂಪಿಸಿದ್ದು ಯುದ್ಧ ಮುಗಿದ ಮೇಲೆ ರಷ್ಯದಲ್ಲಿ. 1940ರ ದಶಕದ ಆರಂಭದ ಜರ್ಮನ್ ಲೆನ್ಸಿಗೆ ಅದು ಬರೋದು ಹೇಗೆ? ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಗುರುತಿಸೋಕೆ ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಇದೇ: ಒಂದು ಸಾಚಾ ಜುಪಿಟರ್ ಪಕ್ಕದಲ್ಲಿಟ್ಟು ನೋಡೋದು. ತೂಕ ನೋಡಿ ಹೇಳ್ತೀನಿ ಅನ್ನುವವರನ್ನು ನಂಬಬೇಡಿ. ಯುದ್ಧಕ್ಕೆ ಮೊದಲಿನ ಸೋನಾರ್ ಹಿತ್ತಾಳೆಯದು, ಭಾರ. ಆದರೆ ಯುದ್ಧಕಾಲದಲ್ಲಿ ಝೈಸ್ ಕೂಡ ಹಗುರ ಅಲ್ಯೂಮಿನಿಯಂ ಬಳಸಿತ್ತು. ಬಿಚ್ಚಲು ಬಂದರೆ ಒಳಗೆ ನೋಡಿ. ರಷ್ಯನ್ ಕೆಲಸಗಾರರು ಜೊತೆಗೂಡಿಸಿದ ಭಾಗಗಳ ಮೇಲೆ ಎಷ್ಟೋ ಸಲ ಸಂಖ್ಯೆ ಗೀರಿರುತ್ತಾರೆ, ಹೊಸ ಉಂಗುರ ಕೂರಿಸಿದವರಿಗೆ ಅದನ್ನು ಅಳಿಸುವ ತಾಳ್ಮೆ ಇರೋದಿಲ್ಲ. ಕ್ಯಾಮೆರಾದಲ್ಲೂ ಇದೇ ಆಟ. ಫೆಡ್, ಝೋರ್ಕಿಗಳಿಗೆ ಲೈಕಾ ಅಂತ ಕೆತ್ತಿ, ನಾಜಿ ಮುದ್ರೆ ಹೊಡೆದು ಮಾರುತ್ತಾರೆ. ಲೆನ್ಸು ಬಿಚ್ಚಿ ಒಳಗಿನ ಸನ್ನೆ ನೋಡಿದರೆ ಮುಗಿಯಿತು: ಲೈಕಾದಲ್ಲಿ ಅದರ ತುದಿಗೆ ಉರುಳುವ ಪುಟ್ಟ ಚಕ್ರ, ಇವುಗಳಲ್ಲಿ ಉರುಳದ ಬೆಣೆಯಂಥ ತುಂಡು.

ನನಗೆ ತಮಾಷೆ ಅನ್ನಿಸೋದು ಇದರ ಇನ್ನೊಂದು ಮಗ್ಗುಲು. ಜರ್ಮನ್ ಹೆಸರಿನ ಇಂಥ ಲೆನ್ಸುಗಳ ಒಳಗೆ ರಷ್ಯದ ಗಾಜು, ಬೇಡವೆಂದು ಬಿಸಾಡುವ ರಷ್ಯನ್ ಅಕ್ಷರದ ಹಳೇ ಝಡ್‌ಕೆ ಒಳಗೆ ಜರ್ಮನ್ ಗಾಜು!

ಸೋನಾರಿನ ವಂಶ ಜಪಾನಿನಲ್ಲೂ ಬೆಳೆಯಿತು. ನಿಕಾನ್ ರೇಂಜ್‌ಫೈಂಡರ್‌ಗಳ 5 ಸೆಂ.ಮೀ. 1:1.4 ಮತ್ತು 8.5 ಸೆಂ.ಮೀ. 1:2 ನಿಕ್ಕೋರ್‌ಗಳು ಅದರ ಮೊಮ್ಮಕ್ಕಳೇ. 1950ರಲ್ಲಿ ಟೋಕಿಯೋದಲ್ಲಿ ಜುನ್ ಮಿಕಿ ಎಂಬ ಛಾಯಾಗ್ರಾಹಕ ಈ 8.5ರಲ್ಲಿ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್‌ರ ಫೋಟೋ ತೆಗೆದು ತೋರಿಸಿದ. ಅದರ ಸ್ಪಷ್ಟತೆಗೆ ಬೆರಗಾದ ಡಂಕನ್ ಕೊರಿಯಾ ಯುದ್ಧಕ್ಕೆ ಹೋದದ್ದು ತಮ್ಮ ಲೈಕಾಕ್ಕೆ ನಿಕ್ಕೋರ್ ಹಾಕಿಕೊಂಡು. ನಿಕಾನಿನವರು ಗುರುತಿಸುವವರಿಗೆ ಉಪಕಾರವನ್ನೂ ಮಾಡಿದ್ದಾರೆ. ನಿಕ್ಕೋರ್ ಪದದ ಮುಂದಿನ ಅಕ್ಷರ ಗಾಜುಗಳ ಎಣಿಕೆ. ಕ್ಯೂ ಅಂದರೆ ನಾಲ್ಕು, ಪಿ ಐದು, ಎಚ್ ಆರು, ಎಸ್ ಏಳು. ಪಕ್ಕದಲ್ಲಿ ಸಿ ಇದ್ದರೆ ಲೇಪನ ಇದೆ ಅಂತ. ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದರೆ ಅದು 1952ರ ಏಪ್ರಿಲ್‌ಗಿಂತ ಹಿಂದಿನದು. 1:1.4 ಬರುವ ಮೊದಲು ಸ್ವಲ್ಪವೇ ಕಾಲ ಬಂದ 1:1.5 ನಿಕ್ಕೋರ್ ಒಂದಿದೆ. ಎಲ್ಲಾದರೂ ಕಂಡರೆ ಮೊದಲು ನನಗೆ ಹೇಳಿ :-)

ಮನೆಯಲ್ಲಿ ಹಳೇ ಲೆನ್ಸು ಇರುವವರಿಗೆ ಒಂದು ಮಾತು. ಜಗಳೂರಿನಂಥ ಒಣ ಸೀಮೆಯಲ್ಲಿ ಅದು ಹೇಗೋ ಬದುಕೀತು. ನ್ಯಾಮತಿ, ಚನ್ನಗಿರಿ ಕಡೆಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಬಿಟ್ಟರೆ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿ ಲೇಪನವನ್ನು ತಿನ್ನುತ್ತದೆ. ಚರ್ಮದ ಚೀಲದಿಂದ ಹೊರತೆಗೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಪಂಚೆ ತುದಿಯಿಂದ ಮಾತ್ರ ಒರೆಸಬೇಡಿ, 1940ರ ದಶಕದ ಲೇಪನ ತುಂಬಾ ಮೆದು. ಹೊನ್ನಾಳಿಯ ಜುಪಿಟರಿನಲ್ಲೂ ಹಿಂದಿನ ಗಾಜಿನ ಅಂಚಿಗೆ ಬೂಷ್ಟು ಹಿಡಿದಿತ್ತು, ಬೆಂಗಳೂರಿನಲ್ಲಿ ರಿಪೇರಿಯವರೊಬ್ಬರು ಬಿಚ್ಚಿ ತೆಗೆದುಕೊಟ್ಟರು. ಒಳಗಿನ ಕವಚದ ಮೇಲೆ ಉಂಗುರದಲ್ಲಿದ್ದ ಸಂಖ್ಯೆಯ ಕೊನೆಯ ಅಂಕಿಗಳನ್ನೇ ಯಾರೋ ಸೂಜಿಯಂಥದ್ದರಲ್ಲಿ ಗೀರಿದ್ದರು.